ಹಿತ್ತಿಲ ಗೋಡೆಯಾಚೆಯ ಟೆಂಟು

ಗಾವಡಗೆರೆ
ತಾ. ೧೮-೩-೧೯೫೩

ನನ್ನ ಪ್ರೀತಿಯ ಅಕ್ಕ ಶಿವರುದ್ರಮ್ಮನಿಗೆ ತಂಗಿ ನೀಲಾಂಬಿಕೆಯ ಶರಣು ಶರಣಾರ್ಥಿ.

ನಿನ್ನ ಕಾಗದ ಬಂದಮೇಲೆ ಶಿವರಾತ್ರಿಯೇ ಕಳೆದುಹೋಯಿತು. ಇವತ್ತು ಬರೀತೀನಿ, ನಾಳೆ ಬರೀತೀನಿ ಅಂತಲೇ ಇದ್ದೆ, ಬೈಕೋಬೇಡ. ಈ ಮನೆಯಲ್ಲಿ ಕೂತು ಬರೆಯೋಕೆ ನನಗೇ ಅಂತ ಒಂದು ಮೂಲೆ ಇಲ್ಲ. ಈಗ ಅತ್ತೆ ಪುಟ್ಟಮಲ್ಲಮ್ಮನವರು ಮಠಕ್ಕೆ ಹೋಗಿದ್ದಾರೆ. ಅಡುಗೆಮನೆ ಬಾಗಿಲು ಮುಂದಕ್ಕೆ ಮಾಡಿಕೊಂಡು ಒಲೆ ಮುಂದೆ ಕೂತಿದ್ದೀನಿ. ಕೃಷ್ಣರಾಜನಗರದಲ್ಲಿ ಭಾವನವರು, ಮಕ್ಕಳು ಚೆನ್ನಾಗಿದ್ದಾರೆ ತಾನೆ? ಚಿಕ್ಕವನಿಗೆ ಹಲ್ಲು ಬಂತಾ?

ಸಿನಿಮಾ ಏನಾದರೂ ನೋಡಿದೆಯಾ ಅಂತ ಕೇಳಿದ್ದೀಯ. ಈ ಊರಿಗೆ ಬಂದಮೇಲೆ ಮೊನ್ನೆಯ ತನಕ ನೋಡಿರಲಿಲ್ಲ ಕಣೆ, ಬರೀ ಕೇಳಿದ್ದೆ. ಸಂಕ್ರಾಂತಿ ಕಳೆದಮೇಲೆ ನಮ್ಮ ಹಿತ್ತಿಲ ಗೋಡೆಗೆ ಹೊಂದಿಕೊಂಡೇ ಟೆಂಟು ಹಾಕಿದ್ದಾರೆ. ಸಂಜೆ ಮೈಕಿನಲ್ಲಿ ದೇವರ ಹಾಡು ಬಂದರೆ ನಾನು ಎಸರಿಡುತ್ತೀನಿ. ನಾಯಕನ ಮೊದಲ ಹಾಡಿಗೆ ಮುದ್ದೆ ಆಗಿರುತ್ತೆ. ಅವರ ಹತ್ತಿರ ಇರೋದು ಒಂದೇ ಮಿಷನ್ನು, ರೀಲು ಬದಲಾಯಿಸೋಕೆ ಆಟ ನಿಲ್ಲುತ್ತೆ, ಜನ ಶಿಳ್ಳೆ ಹಾಕ್ತಾರೆ, ಆ ಹೊತ್ತಿನಲ್ಲಿ ನಾನು ಬಡಿಸಿಬಿಡುತ್ತೀನಿ. ಹೀಗೆ ಕೇಳಿ ಕೇಳಿ ಎಲ್ಲಾ ಕತೆಯೂ ಬಾಯಿಪಾಠ. ಮುಖಗಳು ಮಾತ್ರ ಗೊತ್ತಿಲ್ಲ.

ನೋಡದೇ ಇದ್ದರೂ ನನ್ನ ಬಾಯಿ ಸುಮ್ಮನಿರುತ್ತಾ? ಈ ನಾಯಕರು ಹಾಡೋದು ಚೆನ್ನ, ಅಳೋಕೆ ಶುರುಮಾಡಿದರೆ ನೆಗಡಿ ಆದೋರ ಹಾಗೆ ಕೇಳ್ತಾರೆ. ಕತ್ತಿ ಕಾಳಗ ಅಂದರೆ ನಾನು ಪಾತ್ರೆ ತೊಳೆಯೋ ಸದ್ದೇ. ನಗಿಸೋನು ಬಂದಾಗ ಟೆಂಟಿಗೆ ಟೆಂಟೇ ನಗುತ್ತೆ, ಅವನು ಮಾತೇ ಆಡಿರೋದಿಲ್ಲ. ಬಿದ್ದನೋ, ಪಂಚೆ ಜಾರಿತೋ, ಕೇಳೋಣ ಅಂದರೆ ಇಲ್ಲಿ ಯಾರಿದ್ದಾರೆ. ನನಗೆ ಸಿಟ್ಟು ಬರೋದು ನಾಯಕಿಯ ವಿಷಯಕ್ಕೆ. ಮೊದಮೊದಲು ಪಟಪಟ ಜವಾಬು ಕೊಡ್ತಾಳೆ, ಮದುವೆ ಆದಮೇಲೆ ಬರೀ ಬಿಕ್ಕಳಿಕೆ. ಕತೆ ಬರೆಯೋರಿಗೆ ಅವಳ ಬಾಯಿ ಮುಚ್ಚಿಸೋ ತನಕ ಅನ್ನ ಇಳಿಯಲ್ವೇನೋ.

ಅಪ್ಪಾಜಿ ನಮ್ಮಿಬ್ಬರನ್ನೂ ಕರಕೊಂಡು ಹೋಗ್ತಿದ್ದದ್ದು ನೆನಪಿದೆಯಾ? ಮುಂದೆ ಕೂತೋರ ತಲೆ ಅಡ್ಡ ಬರುತ್ತೆ ಅಂತ ಮರಳು ಗುಡ್ಡೆ ಮಾಡಿಕೊಂಡು ಕೂರ್ತಿದ್ದೆವು. ವಾಪಸು ಬರುವಾಗ ಅಪ್ಪಾಜಿ, "ಹೇಗಿತ್ತವ್ವ ನೀಲಾ?" ಅಂದರೆ ಸಾಕು, ಮನೆ ಮುಟ್ಟೋ ತನಕ ನಾನು ಬಾಯಿ ಮುಚ್ಚುತ್ತಿರಲಿಲ್ಲ. "ನಮ್ಮ ನೀಲ ಒಪ್ಪಿದರೆ ಆ ಸಿನಿಮಾ ಗೆದ್ದ ಹಾಗೆ" ಅನ್ನೋರು. ಈ ಮನೆಗೆ ಬಂದಮೇಲೆ ಹೇಗಿತ್ತು ಅಂತ ನನ್ನನ್ನು ಯಾರೂ ಏನನ್ನೂ ಕೇಳಿಲ್ಲ ಅಕ್ಕ.

ಸಿನಿಮಾಗೆ ಕರಕೊಂಡು ಹೋಗಿ ಅಂತ ಇವರನ್ನು ಕೇಳಿದರೆ "ಅವ್ವನ್ನ ಕೇಳು" ಅಂತಾರೆ. ತಾವು ಮಾತ್ರ ಅಂಗಡಿ ಬಾಗಿಲು ಹಾಕಿ ಒಂದೊಂದು ಸಿನಿಮಾನೂ ಎರಡೆರಡು ಸಲ ನೋಡಿ ಬರ್ತಾರೆ. ಅತ್ತೆಯನ್ನು ಕೇಳಿದರೆ, "ಮಡಿಲು ತುಂಬ್ಲಿಲ್ಲ, ನಿಂಗೆ ಸಿನಿಮಾ ಬ್ಯಾರೆ ಕೇಡು" ಅಂತಾರೆ. ಮದುವೆಯಾಗಿ ಆರು ವರ್ಷ ಆಯಿತಲ್ಲ, ಮೊದಲು ಹರಕೆ, ಆಮೇಲೆ ಔಷಧಿ, ಈಗ ಬರೀ ಮಾತು. ಬಾವಿಗೆ ಹೋದರೂ ಹೊತ್ತು ನೋಡ್ತಾರೆ. ಉಸಿರು ಕಟ್ಟುತ್ತೆ ಕಣೆ.

ಅಂಥಾದ್ದರಲ್ಲಿ ಮೊನ್ನೆ ಸೋಮವಾರ ಅತ್ತೆಯೇ ಬಂದು, "ಒರಡವ್ವ, ಶರಣರ ಕತೆ ಬಂದದಂತೆ, ನೋಡ್ಕಂಡ್ ಬರಾನ" ಅಂದರು. ನಾನು ನಂಬಲಿಲ್ಲ. ಅವತ್ತು ಪಿರಿಯಾಪಟ್ಟಣದಿಂದ ಅತ್ತೆಯ ಕಡೆಯ ದೂರದ ನೆಂಟರ ಹೆಂಗಸೊಬ್ಬರು ಮಗಳು ಸುನಂದಳನ್ನು ಕರಕೊಂಡು ಬಂದಿದ್ದರು. ಅವರಿಗೋಸ್ಕರ ನನಗೂ ಈ ಭಾಗ್ಯ ಅಂದುಕೊಂಡೆ. ಎಲ್ಲರೂ ಸ್ನಾನ ಮಾಡಿ, ವಿಭೂತಿ ಇಟ್ಟು, ಕಾಯಿ ಕರ್ಪೂರ ಹಿಡಕೊಂಡು ಹೊರಟೆವು. ದೇವರ ಸಿನಿಮಾ ಅಂತ ಚಪ್ಪಲಿ ಆಚೆಯೇ ಬಿಟ್ಟೆವು. ಇವರು ಹಗ್ಗದಾಚೆ ಗಂಡಸರ ಕಡೆ ಕೂತರು.

ಶಿವ ಪ್ರತ್ಯಕ್ಷ ಆದಾಗ ಜನ ಎದ್ದು ಆರತಿ ಬೆಳಗಿದರು. ಯಾರೋ ಕಾಯಿ ಒಡೆದ ರಭಸಕ್ಕೆ ಪರದೆಗೆ ನೀರು ಹಾರಿ, ಕೊನೇ ತನಕ ಶಿವನ ಕೆನ್ನೆ ಮೇಲೆ ಒದ್ದೆ ಕಲೆ. ನಿಜ ಹೇಳ್ತೀನಿ, ಗೋಡೆ ಈಚೆ ಕೂತು ನಾನು ಕಟ್ಟಿಕೊಂಡಿದ್ದ ಮುಖಗಳೇ ಚೆನ್ನಾಗಿದ್ದವು. ಒಂದು ಕಡೆ ಶರಣರ ಹೆಂಡತಿ, ಮಕ್ಕಳಿಲ್ಲದೋಳು, ತಾನೇ ಇನ್ನೊಬ್ಬಳ ಕೈ ಹಿಡಿದು ತಂದು ಗಂಡನಿಗೆ ಕೊಡ್ತಾಳೆ. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. "ಎಂಗ್ಸು ಅಂದ್ರೆ ಅಂಗಿರ್ಬೇಕು ಕಣವ್ವ" ಅಂದರು ಅತ್ತೆ. ನನಗೆ ಒಪ್ಪಿಗೆ ಆಗಲಿಲ್ಲ. ಕೊಡುವಾಗ ಅಷ್ಟಗಲ ನಗ್ತಾಳಲ್ಲ, ಆಮೇಲೆ ಒಲೆ ಮುಂದೆ ಒಬ್ಬಳೇ ಕೂತದ್ದನ್ನು ಒಂದು ಗಳಿಗೆಯಾದರೂ ತೋರಿಸಬೇಡವೇ?

ಸುನಂದ ಸಿನಿಮಾ ನೋಡಿದ್ದು ಅದೇ ಮೊದಲು. ನನ್ನ ಕೈ ಬಿಡಲೇ ಇಲ್ಲ. ರೀಲು ನಿಂತಾಗಲೆಲ್ಲ ಅವರ್ಯಾರು, ಇವರ್ಯಾರು ಅಂತ ಕೇಳೋಳು, ನಾನು ಎಲ್ಲಾ ಬಿಡಿಸಿ ಹೇಳ್ತಿದ್ದೆ. ದಾರಿಯಲ್ಲಿ ಅತ್ತೆ ನನ್ನ ಪಕ್ಕ ಬಂದು, "ಎಂಗಿತ್ತವ್ವ?" ಅಂದರು. ಅಕ್ಕ, ಆರು ವರ್ಷದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. ಸಿನಿಮಾದ ಮಾತು ಮುಗಿಸಿದಮೇಲೆ "ಉಡುಗಿ ಎಂಗೆ?" ಅಂದರು. "ಅಪರಂಜಿ ಅತ್ತೆ, ಹೋದ ಮನೆ ಬೆಳಗ್ತಾಳೆ" ಅಂದೆ. "ಇನ್ನೊಂದ್ಸಲ ಯೋಳು, ಅವ್ರವ್ವನೂ ಕೇಳ್ಲಿ" ಅಂದರು. ಇನ್ನೊಂದು ಸಲ ಹೇಳಿದೆ.

ಮಕ್ಕಳಿಗೆ ನನ್ನ ಆಶೀರ್ವಾದ. ಭಾವನವರಿಗೆ ಶರಣು ಹೇಳು. ನೀನು ನಕ್ಕೊಂಡಿರು, ಗುರು ಬಸವಣ್ಣ ನಿಮ್ಮನ್ನೆಲ್ಲ ಕಾಯಲಿ.

ನಿನ್ನ ತಂಗಿ
ನೀಲಾಂಬಿಕೆ

ಮರೆತದ್ದಲ್ಲ, ಬರೆಯೋಕೆ ಕೈ ಬರಲಿಲ್ಲ: ಸುನಂದಳನ್ನು ಕರೆಸಿದ್ದು ಇವರಿಗೆ ತೋರಿಸೋಕೆ. ರೀಲು ನಿಂತು ದೀಪ ಹತ್ತಿದಾಗಲೆಲ್ಲ ಇವರು ನಮ್ಮ ಕಡೆ ತಿರುಗಿ ನೋಡ್ತಿದ್ದರು. ನನ್ನನ್ನೇ ಅಂದುಕೊಂಡು ಸೆರಗು ಸರಿಮಾಡಿಕೊಂಡೆ. ಈ ಮನೆತನದಲ್ಲಿ ಹಿರಿ ಹೆಂಡತಿ ಹೆಣ್ಣಿನೋರ ಎದುರಿಗೆ ಒಪ್ಪಿಗೆ ಅನ್ನದೇ ಎರಡನೇದನ್ನು ತರೋ ಹಾಗಿಲ್ಲವಂತೆ. ಅದು ನನ್ನ ಬಾಯಲ್ಲೇ ಬಂತು. ನಾನು ಬರೀ ಅಭಿಪ್ರಾಯ ಹೇಳಿದೆ ಅಂತ ಅತ್ತರೆ, "ಆಡಿದ್ಮೇಲೆ ಆಯ್ತು ಕಣವ್ವ" ಅಂತಾರೆ ಅತ್ತೆ. ಇವರು "ನೀನೇ ಒಪ್ಪಿದ್ದೀಯಲ್ಲ" ಅಂತಾರೆ. ಇವತ್ತು ಅತ್ತೆ ಮಠಕ್ಕೆ ಹೋಗಿರೋದು ಮದುವೆಗೆ ದಿನ ಇಡಿಸೋಕೆ. ಭಾವನವರು ಬಂದು ಒಂದು ಮಾತು ಕೇಳೋಕಾದರೆ ಬೇಗ ಕಳಿಸು.

ಆ ಹುಡುಗಿಗೂ ಏನೂ ಗೊತ್ತಿರಲಿಲ್ಲ, ಪಾಪ. ಅವತ್ತು ಟೆಂಟಿನಲ್ಲಿ ನನ್ನ ಭುಜಕ್ಕೆ ಒರಗಿಕೊಂಡು, "ನಿಮ್ಮನೆ ಟೆಂಟ್ ಪಕ್ಕದಲ್ಲೇ ಅದಲ್ಲಕ್ಕ, ಎಂಥ ಪುಣ್ಯ, ನಾನೂ ಇಲ್ಲೇ ಇದ್ದುಬುಡಾನ ಅನ್ಸತದೆ" ಅಂದಳು. ನಾನು ಅವಳ ತಲೆ ಸವರಿ, "ಇದ್ದುಬುಡವ್ವ, ಜಾಗ ಅದೆ" ಅಂದೆ.