ಹತ್ತರಲ್ಲಿ ನಾಲ್ವರು

ಅಣ್ಣನಿಗೆ,

ನಾನು ಬದುಕಿಕೊಂಡೆ ಎಂದು ಗೊತ್ತಾದ ಮೇಲೂ ಮುಖ ತೋರಿಸದೆ ಮನೆಯಲ್ಲಿ ಅಡಗಿ ಕೂತಿದ್ದೀಯಂತೆ. ಅದಕ್ಕೇ ವಾರ್ಡಿನಿಂದ ಈ ಪತ್ರ.

ಸೂಜಿ ಚುಚ್ಚಿದ ಬೆರಳಿನ ಕೀವು ರಕ್ತಕ್ಕೇರಿ ಸೆಪ್ಸಿಸ್ ಆಗಿ ನಾನು ಎಚ್ಚರ ತಪ್ಪಿದ ದಿನ ಡಾಕ್ಟರು ನಿನಗೆ ಹೇಳಿದ್ದೇನು? "ರಕ್ತದಲ್ಲಿ ಲ್ಯಾಕ್ಟೇಟ್ ತುಂಬಾ ಏರಿದೆ. ಇಂಥವರಲ್ಲಿ ಹತ್ತಕ್ಕೆ ಆರು ಜನ ಉಳಿಯೋದಿಲ್ಲ." ಉಳಿಯುವ ನಾಲ್ವರು ನಿನ್ನ ಲೆಕ್ಕಕ್ಕೇ ಬರಲಿಲ್ಲವೇ? "ಬೆಳಿಗ್ಗೆ ಮತ್ತೆ ರಕ್ತ ನೋಡ್ತೀವಿ, ಅಂಕಿ ಇಳಿದರೆ ಭರವಸೆ ಇದೆ" ಎಂಬುದನ್ನು ಕೇಳಲು ನೀನು ಅಲ್ಲಿ ನಿಂತಿರಲೇ ಇಲ್ಲ.

ಬೆಳಿಗ್ಗೆ ಅದು ಇಳಿದಿತ್ತು. ಅಷ್ಟರಲ್ಲಿ ನೀನು ನನ್ನ ಅಂಗಡಿಯ ಬೀಗ ತೆಗೆದು, ಹೊಲಿಗೆ ಯಂತ್ರವನ್ನು ಚಿಕ್ಕಮ್ಮನಿಗೂ ದೊಡ್ಡ ಕತ್ತರಿಯನ್ನು ಪಕ್ಕದ ಟೈಲರಿಗೂ, "ಅವಳ ನೆನಪಿಗೆ ಇಟ್ಕೊಳ್ಳಿ" ಎಂದು ಕೊಟ್ಟಾಗಿತ್ತು. ಆ ಟೈಲರ್ ನಿನ್ನೆ ನನ್ನನ್ನು ನೋಡಲು ಬಂದು, ಕತ್ತರಿಯ ಮಾತೆತ್ತಲಾರದೆ ಗೋಡೆ ನೋಡುತ್ತಾ ಕೂತಿದ್ದ. ಎರಡನ್ನೂ ನೀನೇ ವಾಪಸು ತರಬೇಕು. ಏನು ಹೇಳಿ ಕೇಳುತ್ತೀಯೋ, ನಿನ್ನ ಪಾಡು.

ಅಕ್ಷರಗಳು ಓರೆಯಾಗಿವೆ, ಕಣ್ಣಿಗೆ ಕನ್ನಡಕವಿಲ್ಲ. ಅದೊಂದನ್ನು ಮಾತ್ರ ಯಾರಿಗೂ ಕೊಡದೆ ಜೇಬಿನಲ್ಲಿಟ್ಟುಕೊಂಡು, ಆಗಾಗ ತೆಗೆದು ನೋಡಿ ಅಳುತ್ತಿದ್ದೆಯಂತೆ, ಅತ್ತಿಗೆ ಹೇಳಿದರು.

ತರುವಾಗ ಒರೆಸಿಕೊಂಡು ತಾ.

ಇನ್ನೂ ಇರುವ
ನಿನ್ನ ತಂಗಿ