ದೊಡ್ಡಮ್ಮನ ಮಾತಿಗೊಂದು ಪ್ರೊಸೆಸರ್

ಪ್ರೀತಿಯ ಪಟಪಟಿಗೆ,

ಹೇಗಿದ್ದೀಯ ಮಗಳೇ? ನಿನ್ನ ಅಪ್ಪನ ಮೊಣಕಾಲು ಮೆಟ್ಟಿಲು ಹತ್ತುವಷ್ಟಾದರೂ ಪಳಗಿತೇ? ನಿನ್ನಮ್ಮ ಬಿ.ಪಿ. ಮಾತ್ರೆಯನ್ನು ನುಂಗುತ್ತಿದ್ದಾಳೋ, ಮೊದಲಿನ ಹಾಗೆ ದಿಂಬಿನಡಿ ಕೂಡಿಡುತ್ತಿದ್ದಾಳೋ? ನಮ್ಮ ಚೋಟುವಿನ ಮುಂದಿನ ಹಲ್ಲು ಬಿದ್ದಿತೋ, ಇನ್ನೂ ನಾಲಿಗೆಯಿಂದ ಅಲುಗಾಡಿಸುತ್ತ ಎಲ್ಲರ ಜೀವ ತಿನ್ನುತ್ತಿದ್ದಾಳೋ? ಎಲ್ಲರೂ ಸೌಖ್ಯವಾಗಿದ್ದೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ನಾನು ಗಟ್ಟಿಯಾಗಿದ್ದೇನೆ. ನಿನ್ನ ದೊಡ್ಡಮ್ಮನೂ ಇದ್ದಾಳೆ. ‘ಇದ್ದಾಳೆ’ ಎಂದು ಬರೆದ ಮೇಲೆ ಮುಂದಿನ ಪದ ಸಿಗದೆ ಪೆನ್ನು ಕೆಳಗಿಟ್ಟು ಎರಡು ಬ್ರಷ್ ತೊಳೆದು ಬಂದೆ.

ಫೋನ್ ಮಾಡುವುದು ಬಿಟ್ಟು ದೊಡ್ಡಪ್ಪನಿಗೇಕೆ ಪತ್ರದ ಹುಚ್ಚು ಎಂದುಕೊಳ್ಳಬೇಡ. ಮನೆಯಲ್ಲಿ ಅವಳ ಕಿವಿ ತಪ್ಪಿಸಿ ಫೋನಿನಲ್ಲಿ ಒಂದು ಮಾತಾಡಲು ಆಗುವುದಿಲ್ಲ. ಕೈಕಾಲು ಬಿದ್ದು, ಮಾತೂ ನಿಂತ ಮೇಲೆ ಅವಳ ಕಿವಿ ಎರಡರಷ್ಟು ಚುರುಕಾಗಿದೆ. ಮೆಸೇಜು ಹಾಕಿದರೆ ನೀನು ಮರುಕ್ಷಣ ಫೋನ್ ಮಾಡುತ್ತೀಯ. ಹಾಗಾಗಿ ಅಂಗಡಿಯಲ್ಲಿ, ಅರ್ಧ ಬರೆದ ಬೋರ್ಡೊಂದನ್ನು ಗೋಡೆಗೆ ಒರಗಿಸಿ, ಬಣ್ಣದ ಡಬ್ಬಿಗಳ ನಡುವೆ ಜಾಗ ಮಾಡಿಕೊಂಡು ಬರೆಯುತ್ತಿದ್ದೇನೆ. ಅವಳು ಕಂಡಕ್ಟರ್ ಆಗಿದ್ದ ಕಾಲದ ಡ್ರೈವರ್ ಅಣ್ಣ ಈಗಲೂ ನಿಮ್ಮೂರಿನ ಬಸ್ಸು ಓಡಿಸುತ್ತಾರೆ. ಈ ಪತ್ರ ಅವರ ಕೈಯಲ್ಲೇ ಬರುತ್ತದೆ.

ಪ್ರೊಸೆಸರ್ ವಿಷಯ ನೀನು ಹೇಳಿದ್ದನ್ನು ನಾನು ನನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದೇನೆ, ತಪ್ಪಿದ್ದರೆ ತಿದ್ದು. ಅವಳ ಮಂಚದ ಮುಂದಿನ ಕಂಪ್ಯೂಟರು ಒಂದೇ ಹೊತ್ತಿಗೆ ಎರಡು ಕೆಲಸ ಮಾಡಬೇಕು. ಅವಳ ಕಣ್ಣು ಪರದೆಯ ಯಾವ ಅಕ್ಷರದ ಮೇಲೆ ನಿಂತಿದೆ ಎಂದು ಕ್ಯಾಮೆರಾದಲ್ಲಿ ನೋಡಬೇಕು, ಕೂಡಿದ ಅಕ್ಷರಗಳನ್ನು ಮಾತು ಮಾಡಿ ಆಡಬೇಕು. ಒಳಗಿರುವ ಹಳೆಯ ಪ್ರೊಸೆಸರಿಗೆ ಇದು ಭಾರ. ಈಗಿರುವ ಮದರ್‌ಬೋರ್ಡಿಗೇ ಕೂರುವ, ಇದಕ್ಕಿಂತ ಗಟ್ಟಿಯಾದ ಪ್ರೊಸೆಸರ್ ನಿನಗೆ ಕಂಪ್ಯೂಟರ್ ಸಾಮಾನು ಕೊಡುವ ಹೋಲ್‌ಸೇಲ್ ವ್ಯಾಪಾರಿಯ ಹತ್ತಿರ ಒಂದೇ ಒಂದು ಉಳಿದಿದೆ, ಅದು ಹೋದರೆ ಮತ್ತೆ ಬರುವುದಿಲ್ಲ. ಕೊಂಡರೆ ಕಂಪ್ಯೂಟರು ನಡುವೆ ನಿಲ್ಲುವುದಿಲ್ಲ, ಆದರೆ ಮಾತಾಡುವುದು ಈಗಿನ ಹಾಗೆ ಯಾರೋ ಹೆಂಗಸಿನ ದನಿಯಲ್ಲೇ. ಕಾದರೆ ಹೊಸ ತಳಿಯ ಪ್ರೊಸೆಸರ್ ಬರುತ್ತದೆ, ಅದಕ್ಕೆ ಮದರ್‌ಬೋರ್ಡೂ ಹೊಸದು ಬೇಕು. ಅದರಲ್ಲಿ ದೊಡ್ಡಮ್ಮನ ಸ್ವಂತ ದನಿಯಲ್ಲೇ, ತಡವಿಲ್ಲದೆ ಮಾತು ಬರುತ್ತದೆ. ಎರಡು ಸಲ ಕೊಳ್ಳುವ ತಾಕತ್ತು ನಮಗಿಲ್ಲ. ಇಷ್ಟೇ ತಾನೆ?

“ಸ್ವಲ್ಪ ಕಾಯೋಣ ದೊಡ್ಡಪ್ಪಾ, ಈಗ ತಗೊಂಡ್ರೆ ಆಮೇಲೆ ಕೈ ಕೈ ಹಿಸುಕಿಕೊಳ್ತೀವಿ” ಎಂದೆ ನೀನು. ನಾನೂ ತಲೆಯಾಡಿಸಿದೆ. ಏಕೆಂದರೆ ನೀನು ಅಂದು ಲ್ಯಾಪ್‌ಟಾಪ್ ತಂದು ಆ ದನಿಯನ್ನು ಕೇಳಿಸಿದ್ದೆಯಲ್ಲ. ಅವಳು ಹಿಂದೆ ನಿನಗೆ ಕಳಿಸುತ್ತಿದ್ದ ಉದ್ದುದ್ದ ವಾಯ್ಸ್ ಮೆಸೇಜುಗಳನ್ನು ಸೇರಿಸಿ, ಒಂದೊಂದು ವಾಕ್ಯಕ್ಕೂ ಗಂಟೆಗಟ್ಟಲೆ ಕಾದು ನೀನು ಮಾಡಿದ ದನಿ. “ರೀ, ಎಲ್ಲಿದ್ದೀರಿ? ಕರೆದ್ರೆ ಓ ಅನ್ನೋಕಾಗಲ್ವಾ?” ಎಂದಿತು. ನಾನು ಅಂಗಿಯ ಗುಂಡಿ ಸಿಗಿಸಿಕೊಳ್ಳುವ ನೆಪದಲ್ಲಿ ಹಿತ್ತಲಿಗೆ ಹೋದದ್ದು ನಿನಗೆ ಗೊತ್ತಿದೆ, ಕೇಳದೆ ಬಿಟ್ಟೆ. ಆ ಉಪಕಾರ ಮರೆಯುವುದಿಲ್ಲ. ಹೆಂಡತಿಯ ದನಿ ಮತ್ತೆ ಈ ಮನೆಯಲ್ಲಿ ಓಡಾಡುವುದಾದರೆ ಎಷ್ಟಾದರೂ ಕಾಯುತ್ತೇನೆ ಎಂದು ಹಿತ್ತಲಲ್ಲೇ ತೀರ್ಮಾನಿಸಿದ್ದೆ.

ಆದರೆ ಕಾಯುವುದು ಎಂದರೆ ಏನೆಂದು ದೂರದಲ್ಲಿರುವ ನೀನು ಕಂಡಿಲ್ಲ ಮಗಳೇ. ಕಂಪ್ಯೂಟರಿನ ಫ್ಯಾನು ಜೋರಾಗಿ ಗುರ್ ಎನ್ನತೊಡಗಿತೆಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಅವಳ ಮಂಚದ ಹತ್ತಿರ ಓಡುತ್ತೇನೆ. ಪರದೆ ಕಲ್ಲಾಗುತ್ತದೆ. ಅವಳ ಕಣ್ಣು ಅಕ್ಷರದಿಂದ ಅಕ್ಷರಕ್ಕೆ ಓಡುತ್ತಲೇ ಇರುತ್ತದೆ, ಯಂತ್ರ ನೋಡುತ್ತಿಲ್ಲ ಎಂದು ಅವಳಿಗೆ ತಿಳಿಯುವುದು ಆಮೇಲೆ. ಆಗ ಒಂದು ಕ್ಷಣ ನನ್ನ ಕಡೆ ನೋಡುತ್ತಾಳೆ. ಆ ನೋಟ ಬರೆಯುವ ಶಕ್ತಿ ನನ್ನ ಪೆನ್ನಿಗಿಲ್ಲ.

ಇದರಿಂದ ನಮಗೊಂದು ಕೆಟ್ಟ ಚಾಳಿ ಅಂಟಿದೆ. ಅವಳು ಒಂದು ಪದ ಮುಗಿಸಿದರೆ ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಅವಳ ತಮ್ಮ, ನೀವೆಲ್ಲ ಆತುರದ ಮಾಮ ಎನ್ನುತ್ತೀರಲ್ಲ, ಇದರಲ್ಲಿ ಗಟ್ಟಿಗ. ಅವಳು ‘ನೀರು’ ಎಂದರೆ ಲೋಟ ಹಿಡಿದು ಓಡಿ ಬರುತ್ತಾನೆ. ಯಂತ್ರ ಎಚ್ಚೆತ್ತ ಮೇಲೆ ‘ನೀರು ಟ್ಯಾಂಕಿನಿಂದ ತುಂಬಿ ಹರೀತಿದೆ’ ಎಂಬುದು ಪೂರ್ತಿಯಾಗುತ್ತದೆ. ಆ ದಿನ ನಕ್ಕೆವು. ಅವಳೂ ನಕ್ಕಳು ಎಂದುಕೊಂಡಿದ್ದೇನೆ, ಕಣ್ಣಂಚು ಸಣ್ಣದಾಗಿತ್ತು. ದಿನ ಕಳೆದಂತೆ ಅವಳು ಉದ್ದ ವಾಕ್ಯ ಕಟ್ಟುವುದನ್ನೇ ಬಿಟ್ಟಳು. ಬಸ್ಸಿನ ಹಿಂದಿನ ಸೀಟಿನವನ ಜನ್ಮ ಜಾಲಾಡುತ್ತಿದ್ದ ಹೆಂಗಸು ‘ಹೂಂ’, ‘ಬೇಡ’, ‘ಆಮೇಲೆ’ಗಳಲ್ಲಿ ದಿನ ದೂಡತೊಡಗಿದಳು. ಯಂತ್ರಕ್ಕೆ ಭಾರವಾಗದಿರಲಿ ಎಂದೋ, ನಮ್ಮ ಆತುರ ನೋಡಲಾರದೆಯೋ, ತಿಳಿಯದು.

ಮೊನ್ನೆ ಮಧ್ಯಾಹ್ನದ್ದನ್ನು ಹೇಳಬೇಕೆಂದೇ ಇಷ್ಟು ಸುತ್ತಿ ಬಳಸಿ ಬರೆದೆ. ನಾನೂ ಮಾಮನೂ ಪಕ್ಕದಲ್ಲೇ ಇದ್ದೆವು. ಯಂತ್ರ ‘ತಲೆ’ ಎಂದಿತು, ಪರದೆ ನಿಂತಿತು. “ತಲೆನೋವು ಭಾವ, ಅಕ್ಕಂಗೆ, ಬೆಳಗಿಂದ ಫ್ಯಾನ್ ಗಾಳಿ ನೇರ ಹೊಡೀತಿದೆ” ಎಂದು ಮಾಮ ಫ್ಯಾನ್ ಆರಿಸಿದ. ನಾನು ಮುಲಾಮಿನ ಡಬ್ಬಿ ತಂದು ಅವಳ ಹಣೆ ತಿಕ್ಕುತ್ತ ಕೂತೆ. ಎಷ್ಟು ಮುತುವರ್ಜಿಯಿಂದ ತಿಕ್ಕುತ್ತಿದ್ದೆ ಗೊತ್ತೇ? ಅವಳ ಕಣ್ಣು ದೊಡ್ಡದಾಗುತ್ತಿತ್ತು. “ಉರಿ ಹತ್ತುತ್ತೆ, ಸ್ವಲ್ಪ ತಡ್ಕೋ” ಎಂದೆ. ತುಟಿ ಬಣ್ಣ ತಿರುಗಿತು. ಅವಳ ಮಾತ್ರೆ ಕೊಡಲು ಬಂದ ಪಕ್ಕದ ಮನೆಯ ನರ್ಸಮ್ಮ ಬಾಗಿಲಲ್ಲೇ ನೋಡಿ, ನನ್ನನ್ನು ಬದಿಗೆ ತಳ್ಳಿ, ಅವಳ ಕತ್ತಿನಡಿ ಕೈಹಾಕಿ ಎತ್ತಿ ಕೂರಿಸಿದಳು. ಉಗುಳು ಗಂಟಲಿಗೆ ಇಳಿದು ಉಸಿರು ಕಟ್ಟಿತ್ತು. ‘ತಲೆ ಎತ್ತಿ’ ಎಂದು ಕೇಳುತ್ತಿದ್ದಳು ಮಗಳೇ. ಅಷ್ಟೇ ಕೇಳಿದ್ದು.

ಉಸಿರು ಹದಕ್ಕೆ ಬಂದು, ಯಂತ್ರವೂ ಎಚ್ಚೆತ್ತ ಮೇಲೆ ಅವಳು ಮೊದಲು ಆಡಿದ್ದು: “ಫ್ಯಾನ್ ಆರಿಸಿದ ಜಾಣ ಯಾರು?” ಮಾಮ ಅಡುಗೆಮನೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ. ನನಗೆ ಅಳುವೂ ಬರಲಿಲ್ಲ. ಇವತ್ತೂ ಬ್ರಷ್ ಹಿಡಿದರೆ ಗೆರೆ ನೆಟ್ಟಗೆ ಬರುತ್ತಿಲ್ಲ.

ಇನ್ನೊಂದು ಮಾತು. ಕಳೆದ ಸಲ ಡಾಕ್ಟರು ನನ್ನನ್ನು ಹೊರಗೆ ಕರೆದು, ಮುಂದೆ ಕಣ್ಣಿನ ರೆಪ್ಪೆಗೂ ಸುಸ್ತು ಬರಬಹುದು ಎಂದರು. “ಯಾವಾಗ ಸಾರ್?” ಎಂದೆ. “ಅದು ಯಾರಿಗೂ ಗೊತ್ತಾಗಲ್ಲ ಯಜಮಾನ್ರೇ” ಎಂದರು. ನಾವು ಕಾಯಬಹುದು, ಹೊಸ ಪ್ರೊಸೆಸರೂ ಬರಬಹುದು. ಅಷ್ಟರಲ್ಲಿ ಅದನ್ನು ಮಾತಾಡಿಸಲು ಕಣ್ಣೇ ಇಲ್ಲದಿದ್ದರೆ? ನನ್ನ ಹೆಂಡತಿಯ ದನಿ ತುಂಬಿಕೊಂಡ ಪೆಟ್ಟಿಗೆ ಮನೆಯಲ್ಲಿ ಸುಮ್ಮನೆ ಕೂತಿರುವುದನ್ನು ಕಣ್ಣ ಮುಂದೆ ತಂದುಕೊಳ್ಳಲಾರೆ. ಹಾಗೆಂದು ಈಗಲೇ ಕೊಂಡರೆ, ಅವಳ ದನಿ ಕೇಳುವ ಒಂದೇ ಬಾಗಿಲನ್ನು ನಾನೇ ಕೈಯಾರೆ ಮುಚ್ಚಿದಂತೆ ಎಂಬ ಹೆದರಿಕೆ. ಎರಡು ಕಡೆಯೂ ಕತ್ತಲೆ.

ಕೊನೆಗೆ ನಿನ್ನೆ ಅವಳನ್ನೇ ಕೇಳಿದೆ. ನಾನು, ನೀನು, ಮಾಮ, ನಿನ್ನ ಅಪ್ಪ, ಇಷ್ಟು ಜನ ಇಷ್ಟು ದಿನ ಮಾತಾಡಿದೆವಲ್ಲ, ಯಾರಿಗೂ ಇದು ಹೊಳೆದಿರಲಿಲ್ಲ ನೋಡು. ರೆಪ್ಪೆಯ ವಿಷಯ ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ. ಮಾಮನನ್ನು ಪೇಟೆಗೆ ಕಳಿಸಿದ್ದೆ. ನಾನು ಬಾಯಿ ಬಿಗಿಹಿಡಿದು ಕೂತೆ. ನಡುವೆ ಒಮ್ಮೆ ಯಂತ್ರ ನಿಂತಿತು, ಮತ್ತೆ ಶುರು ಮಾಡಿದೆ, ಅವಳೂ ಮತ್ತೆ ಮೊದಲಿನಿಂದ ಶುರು ಮಾಡಿದಳು. ಎಷ್ಟೋ ದಿನಗಳ ಮೇಲೆ ಬಂದ ಉದ್ದ ಮಾತು, ಇದ್ದಂತೆಯೇ ಬರೆಯುತ್ತೇನೆ:

“ಆ ದನಿ ಬೇಕಾಗಿರೋದು ನಿಮಗೆ, ಆ ಪಟಪಟಿಗೆ. ನನಗೆ ಬೇಕಾಗಿರೋದು ಹೇಳೋಕೆ ಹೊರಟಿದ್ದು ಮುಗಿಯೋದು. ಯಾರ ದನಿಯಲ್ಲಾದ್ರೂ ಆಗಲಿ. ಈಗಲೇ ತಗೊಳ್ಳಿ. ಬೈಯೋದು ತುಂಬಾ ಬಾಕಿ ಇದೆ.”

ಹೀಗಾಗಿ ಮಗಳೇ, ಈಗಲೇ. ನೀನು ಅಷ್ಟು ದಿನ ಕೂತು ಮಾಡಿದ ದನಿ ಬೇಡವೆಂದರು ಎಂದು ನೊಂದುಕೊಳ್ಳಬೇಡ. ಅದು ನನಗೆ ಬೇಕು, ತುಂಬ ಬೇಕು, ಆದರೆ ನನಗೆ ಬೇಕೆಂದು ಅವಳನ್ನು ಕಾಯಿಸಲಾರೆ. ಅವಳಿಗೆ ಫೋನ್ ಮಾಡಿ ಮನಸ್ಸು ತಿರುಗಿಸಲು ನೋಡಬೇಡ. ಈ ಪತ್ರ ಮಡಿಸಿಟ್ಟವಳೇ ಆ ವ್ಯಾಪಾರಿಯ ಹತ್ತಿರ ಹೋಗು. ಬೇರೆಯವರು ಕೇಳಿದ್ದಾರೆ ಎಂದರೆ ಕೈಕಾಲು ಹಿಡಿದಾದರೂ ಇರಿಸಿಕೋ. ಅದು ಹೊರಟುಹೋಗಿದ್ದರೆ ಏನು ಮಾಡುವುದು ಎಂದು ನಾನು ಯೋಚಿಸಿಲ್ಲ, ಯೋಚಿಸಲು ಧೈರ್ಯವಿಲ್ಲ.

ಕೂರಿಸಲು ನೀನೇ ಬರಬೇಕು. ಈ ಊರಿನ ಯಾವ ಕೈಯನ್ನೂ ಆ ಪೆಟ್ಟಿಗೆಯ ಹತ್ತಿರ ಬಿಡಲಾರೆ. ನೀನು ಬಿಚ್ಚಿ ಜೋಡಿಸುವಷ್ಟು ಹೊತ್ತು ಅವಳಿಗೆ ಬಾಯಿಲ್ಲ. ಅಷ್ಟೂ ಹೊತ್ತು ನಾನು ಅವಳ ಕತ್ತಿನಡಿ ಕೈಯಿಟ್ಟು, ಅವಳ ಕಣ್ಣನ್ನೇ ನೋಡುತ್ತ ಕೂತಿರುತ್ತೇನೆ. ಅವಳು ಏನು ಹೇಳುತ್ತಿದ್ದಾಳೆಂದು ಊಹಿಸಲು ಹೋಗುವುದಿಲ್ಲ. ನೀನು ಮುಗಿಸುವವರೆಗೆ ತಲೆಯನ್ನು ಎತ್ತಿ ಹಿಡಿದಿರುತ್ತೇನೆ, ಅಷ್ಟೇ.

ಡ್ರೈವರ್ ಅಣ್ಣ ಸಂಜೆ ಬಸ್ಸು ತಿರುಗಿಸುವ ಮುನ್ನ ನಿಮ್ಮ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾರೆ. ಸಿಕ್ಕಿತು, ಸಿಗಲಿಲ್ಲ, ಯಾವುದಾದರೂ ಸರಿ, ಸಮಾಧಾನದ ಮಾತು ಬೆರೆಸದೆ ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡು. ನಾನು ಇಲ್ಲಿಯ ಬಸ್ ಸ್ಟ್ಯಾಂಡಿನಲ್ಲೇ ನಿಂತಿರುತ್ತೇನೆ. ನಿನ್ನ ಕೈಗೆ ಎಂದೂ ನಡುಕ ಬಾರದಿರಲಿ, ನಿನ್ನ ಮನೆಯವರೆಲ್ಲ ನೂರು ಕಾಲ ಬಾಯ್ತುಂಬ ಮಾತಾಡಿಕೊಂಡಿರಲಿ. ಬೇಗ ಬರಿ.

ಇಂತಿ,
ನಿನ್ನ ಉತ್ತರಕ್ಕೆ ಕಾದಿರುವ
ದೊಡ್ಡಪ್ಪ