ನನ್ನ ಜಾಗದಲ್ಲಿ ಸಿಕ್ಕ ಗಂಟಿನ ವಿಷಯವಾಗಿ

ಸರಕಾರಿ ದವಾಖಾನೆಗಳ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಮೊದಲು ತಮ್ಮ ಅಪ್ಪಣೆ ಬೇಡದೆ ಒಂದು ಕೆಲಸ ಮಾಡುತ್ತೇನೆ. ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮುನ್ನ ಲಕ್ಕಲಕಟ್ಟಿಯ ನನ್ನ ಮನೆಯಂಗಳದಲ್ಲಿ ಗಟ್ಟಿಯಾಗಿ ಓದುತ್ತಿದ್ದೇನೆ. ಇಲ್ಲಿ ಕೂಡಿದ ನೆರೆಹೊರೆಯವರಿಗೆ, ರೋಣದ ಪೇಟೆಯಲ್ಲಿ ಕಡಲೆ ವ್ಯಾಪಾರ ಬಿಟ್ಟು ಬಂದ ಮಿತ್ರರಿಗೆ, ಕೊಣ್ಣೂರಿನಿಂದ ಬಸ್ಸು ಬದಲಿಸಿ ಬಂದ ನನ್ನ ಹೆಂಡತಿಯ ತಮ್ಮನಿಗೆ ನನ್ನ ಕೃತಜ್ಞತೆಗಳು. ನೀವು ಬಾಳೆಹಣ್ಣು ತಂದಿದ್ದೀರಿ, ಕಣ್ಣೀರನ್ನೂ ತಂದಿದ್ದೀರಿ. ಬಾಳೆಹಣ್ಣನ್ನು ಇಟ್ಟುಕೊಳ್ಳುತ್ತೇನೆ. ಕಣ್ಣೀರನ್ನು ದಯವಿಟ್ಟು ಮರಳಿ ಒಯ್ಯಿರಿ. ಅನುಕಂಪಕ್ಕೆ ಈ ಮನೆಯಲ್ಲಿ ಸದ್ಯ ಜಾಗವಿಲ್ಲ. ನನ್ನ ಶಿಶ್ನದ ಮೇಲೆ ಕಡಲೆಕಾಳಿನಷ್ಟು ಗಂಟು ಎದ್ದದ್ದು ನಿಜ. ಅದರಿಂದ ಯಾವ ಅಪಾಯವೂ ಇಲ್ಲವೆಂದು ಇಬ್ಬರು ವೈದ್ಯರು ಹೇಳಿರುವುದೂ ನಿಜ. ಅಂದಿನಿಂದ ನನಗೆ ನಗು ತಡೆಯಲು ಆಗುತ್ತಿಲ್ಲ ಎಂಬುದೂ ನಿಜ. ಕಳೆದ ವರ್ಷ ಮಗನನ್ನು ಮಣ್ಣು ಮಾಡಿ ಬಂದ ಮನುಷ್ಯ ಹೀಗೆ ನಗಬಹುದೇ ಎಂದು ಯಾರಿಗಾದರೂ ಅನಿಸಿದ್ದರೆ, ಅವರು ಪತ್ರ ಮುಗಿಯುವವರೆಗೆ ಎದ್ದು ಹೋಗಬಾರದು.

ಈಗ ನನ್ನ ದೂರು. ನಿಮ್ಮ ದವಾಖಾನೆಯಲ್ಲಿ ಚೀಟಿ ಮಾಡಿಕೊಡುವ ಕಿಟಕಿಯೊಂದಿದೆ. ರೋಗಿಯು ತನ್ನ ರೋಗವನ್ನು ವೈದ್ಯರಿಗೆ ಹೇಳುವ ಮೊದಲು ಅಲ್ಲಿ ನಿಂತು ಇಡೀ ಸಾಲಿಗೆ ಹೇಳಬೇಕು. ಆ ಕಿಟಕಿಗೆ ನಾಚಿ ನನ್ನ ಮಗ ಸತ್ತ. ಯಾವ ದವಾಖಾನೆ ಎಂದು ಕೇಳುತ್ತೀರಾ? ರೋಣದ್ದೋ, ನರಗುಂದದ್ದೋ, ಗಜೇಂದ್ರಗಡದ್ದೋ, ನಾನು ಹೇಳುವುದಿಲ್ಲ. ಓದಿದ ಮೂರೂ ಊರಿನವರು ತಮ್ಮದೇ ಇರಬೇಕೆಂದು ಎದ್ದು ಹೋಗಿ ನೋಡಿಬರಲಿ. ಅಷ್ಟಾದರೆ ಅರ್ಧ ಕೆಲಸ ಆದಂತೆ.

ನನ್ನ ಪರಿಚಯ ಚಿಕ್ಕದು. ಜೋಳ, ಕಡಲೆ ಬೆಳೆಯುವ ಒಕ್ಕಲಿಗ. ಕಾಲೇಜಿನ ದಿನಗಳಲ್ಲಿ ಚರ್ಚಾಪಟು. 'ಕನ್ನಡದಲ್ಲಿ ಹೇಳಲಾಗದ ವಿಷಯ ಯಾವುದೂ ಇಲ್ಲ' ಎಂಬ ವಿಷಯದ ಪರವಾಗಿ ವಾದಿಸಿ ಗೆದ್ದ ಬಹುಮಾನದ ಡಾಲು ಈಗಲೂ ನಮ್ಮ ಪಡಸಾಲೆಯಲ್ಲಿದೆ. ಇಂಥ ನಾನು ಮೊನ್ನೆ ಜಳಕ ಮಾಡುವಾಗ ಗಂಟು ಕೈಗೆ ತಾಗಿ, ಮರುದಿನವೇ ನಿಮ್ಮ ಕಿಟಕಿಯ ಮುಂದೆ ನಿಂತೆ. ಹಿಂದೆ ಉದ್ದನೆಯ ಸಾಲು. ಗಾಜಿನ ಆಚೆಗೆ ಕುಳಿತ ನಿಮ್ಮ ಸಿಬ್ಬಂದಿ ತಲೆ ಎತ್ತದೆ ಕೇಳಿದರು:

"ಏನ್ ತ್ರಾಸ ಐತ್ರಿ ಯಜಮಾನ್ರ?"

ಕನ್ನಡದಲ್ಲಿ ಹೇಳಲಾಗದ ವಿಷಯವೊಂದು ಇದೆಯೆಂದು ನನಗೆ ಆ ಕ್ಷಣ ತಿಳಿಯಿತು. ಎದುರು ಪಕ್ಷದವರು ಅಂದು ಅದೊಂದು ಉದಾಹರಣೆ ಕೊಟ್ಟಿದ್ದರೆ ಡಾಲು ಅವರ ಪಾಲಾಗುತ್ತಿತ್ತು. ನಮ್ಮ ಕಡೆ ದೇಹದ ಆ ಭಾಗಕ್ಕೆ ಎರಡೇ ಬಗೆಯ ಹೆಸರು. ಒಂದು ಬೈಗುಳದಲ್ಲಿ ಬರುವಂಥದು, ಇನ್ನೊಂದು ಕೂಸುಗಳಿಗೆ ಜಳಕ ಮಾಡಿಸುವಾಗ ಹೇಳುವಂಥದು. ನರೆತ ಮೀಸೆಯ ಮನುಷ್ಯ ಎರಡರಲ್ಲಿ ಯಾವುದನ್ನು ಆರಿಸಬೇಕು? ಹೀಗಾಗಿ ನಮ್ಮವರೆಲ್ಲ ಹೇಳುವುದನ್ನೇ ನಾನೂ ಹೇಳಿದೆ.

"ಜಾಗಾದಾಗ ಒಂದ್ ಗಂಟ ಸಿಕ್ಕೈತ್ರಿ."

"ಗಟ್ಟ್ಯಾಗಿ ಹೇಳ್ರಿ, ಗಾಜ ಐತಿ, ಕೇಳಸವಲ್ದು."

"ಜಾಗಾದಾಗ. ಗಂಟ."

"ಯಾರ ಜಾಗಾದಾಗ್ರಿ? ಚೀಟಿ ಯಾರ ಹೆಸರಿಗೆ?"

"ನಂದ ಸ್ವಂತ ಜಾಗಾ."

"ಎಷ್ಟ ದೊಡ್ಡದೈತಿ?"

"ಕಡ್ಲಿಕಾಳಿನಷ್ಟ. ಗಟ್ಟಿ ಐತಿ."

"ಯಾವಾಗಿಂದ ಐತಿ?"

"ಎಷ್ಟ ದಿವಸದಿಂದ ಒಳಗಿತ್ತೋ ಗೊತ್ತಿಲ್ರಿ. ಮೊನ್ನೆ ಕೈಗೆ ಹತ್ತೈತಿ. ಮನ್ಯಾಗ ಇನ್ನೂ ಯಾರಿಗೂ ಹೇಳಿಲ್ಲ."

ಅಧಿಕಾರಿಗಳೇ, ತಾವು ಬಹುಶಃ ನಮ್ಮ ಕಡೆಯವರಲ್ಲ. ಆದ್ದರಿಂದ ವಿವರಿಸುತ್ತೇನೆ. ನಮ್ಮಲ್ಲಿ 'ಜಾಗಾ' ಎಂದರೆ ಮನೆ ಕಟ್ಟುವ ನಿವೇಶನವೂ ಹೌದು. 'ಗಂಟು' ಎಂದರೆ ಹಿರಿಯರು ನೆಲದಲ್ಲಿ ಹೂತಿಟ್ಟದ್ದು. 'ಗಟ್ಟಿ' ಎಂದರೆ ಬಂಗಾರದ್ದು. ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದವರು ರೋಣದ ಕಡಲೆ ವ್ಯಾಪಾರಿ ತೋಟಪ್ಪನವರು. ನಾನು ವೈದ್ಯರ ಕೋಣೆ ತಲುಪುವುದರೊಳಗೆ ನನ್ನ ಸುದ್ದಿ ರೋಣದ ಪೇಟೆ ತಲುಪಿತ್ತು. ಲಕ್ಕಲಕಟ್ಟಿಯ ರಾಯಣ್ಣನಿಗೆ ಸ್ವಂತ ಜಾಗದಲ್ಲಿ ಬಂಗಾರದ ಗಂಟು ಸಿಕ್ಕಿದೆ, ಒಳಗೆ ಕಡಲೆಕಾಳಿನಷ್ಟು ದಪ್ಪನೆಯ ಗುಂಡುಗಳು, ಹೆಂಡತಿಗೂ ಹೇಳಿಲ್ಲ, ನೋಡಿ ಎದೆ ಒಡೆದು ದವಾಖಾನೆ ಸೇರಿದ್ದಾನೆ.

ವೈದ್ಯರ ಕೋಣೆಗೆ ಬಾಗಿಲಿತ್ತು, ಚಿಲಕವಿರಲಿಲ್ಲ. ಡಾಕ್ಟರ್ ಶಬನಮ ನನ್ನ ಮಗನ ವಯಸ್ಸಿನವರು. ಕಾಂಪೌಂಡರನನ್ನು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಿಸಿ, ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದರು:

"ಹೇಳ್ರಿ ಕಾಕಾ."

"ಜಾಗಾದಾಗ ಗಂಟ ಆಗೈತಿ."

"ಮೈಯಾಗ ಜಾಗಾ ಭಾಳ ಅದಾವ್ರಿ. ಯಾವುದು?"

"ಡಾಕ್ಟರ ಗಂಡಸ ಇದ್ರ ಹೇಳತಿದ್ದೆ."

"ಅವರು ಇವತ್ತ ರಜಾ ಅದಾರ್ರಿ. ಗಂಟ ರಜಾ ಹಾಕೈತೇನು?"

ನಾನು ಎದ್ದು ನಿಂತೆ. ವೇದಿಕೆಯ ಮೇಲೆ ನಿಲ್ಲುತ್ತಿದ್ದ ಹಾಗೆ ಕೈ ಹಿಂದೆ ಕಟ್ಟಿ, ಸ್ಪಷ್ಟವಾಗಿ, ಒಂದೊಂದು ಅಕ್ಷರಕ್ಕೂ ನ್ಯಾಯ ಒದಗಿಸಿ "ಶಿಶ್ನದ ಮೇಲೆ" ಎಂದೆ. ಅವರು ನಗಲಿಲ್ಲ. "ಚಲೋ ಆತು, ತೋರಸ್ರಿ" ಎಂದು ಕೈಗವಸು ಹಾಕಿಕೊಂಡರು. ನೋವಿದೆಯೇ, ಹುಣ್ಣಾಗಿತ್ತೇ, ರಕ್ತ ಬಂದಿತ್ತೇ, ಮೂತ್ರಕ್ಕೆ ತೊಂದರೆಯೇ ಎಂದು ಕೇಳಿದರು. ತೊಡೆಯ ಸಂದಿಯನ್ನೂ ಒತ್ತಿ ನೋಡಿದರು. ನಾನು ಸೂರಿನ ಫ್ಯಾನನ್ನು ನೋಡುತ್ತಿದ್ದೆ. ಅದು ತಿರುಗುತ್ತಿರಲಿಲ್ಲ, ಆ ಬಗ್ಗೆ ಬೇರೆ ಪತ್ರ ಬರೆಯುತ್ತೇನೆ. ಕೊನೆಗೆ ಅವರು ಹೇಳಿದರು:

"ಹೆದರೂವಂಥಾದ್ದು ಏನೂ ಕಾಣವಲ್ದು ಕಾಕಾ. ಚರ್ಮದಾಗ ಎಣ್ಣಿ ಹುಟ್ಟೂ ಸಣ್ಣ ಗ್ರಂಥಿ ಇರತಾವು. ಒಂದರ ಬಾಯಿ ಮುಚ್ಚಿಕೊಂಡೈತಿ, ಅಷ್ಟ. ಹಿಚಕಾಕ ಹೋಗಬ್ಯಾಡ್ರಿ. ಖಾತ್ರಿಗೆ ಗದಗಿನಾಗ ಚರ್ಮದ ಡಾಕ್ಟರಿಗೆ ಒಮ್ಮೆ ತೋರಸ್ರಿ. ದೊಡ್ಡದಾದ್ರ, ಹುಣ್ಣಾದ್ರ, ಲಗೂನ ಬರ್ರಿ."

ಗದಗಿನವರೂ ಅದನ್ನೇ ಹೇಳಿದರು. ಬಸ್ಸಿನಲ್ಲಿ ಮರಳಿ ಬರುವಾಗ ನಾನು ಒಬ್ಬನೇ ನಗುತ್ತಿದ್ದೆ. ಪಕ್ಕದ ಸೀಟಿನ ಹೆಣ್ಣುಮಗಳು ಎದ್ದು ಬೇರೆ ಸೀಟಿಗೆ ಹೋದಳು.

ಊರಿಗೆ ಬಂದರೆ ಅಂಗಳದ ತುಂಬ ಜನ. ಕಂದಾಯ ಇಲಾಖೆಯ ಸಾಹೇಬರೊಬ್ಬರು ಅಳತೆ ಪಟ್ಟಿಯೊಂದಿಗೆ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ಹೆಂಡತಿ ಮಾಯವ್ವ ಚಹ ಕೊಟ್ಟಿದ್ದಳು. ಗಂಟಿನ ಸಂಗತಿ ಅವಳಿಗೆ ಗದಗಿಗೆ ಹೊರಡುವ ಹೊತ್ತಿಗೆ ಹೇಳಿದ್ದೆ. ಆದರೆ ಈ ಸಾಹೇಬರು ಯಾವ ಗಂಟಿನ ಸಲುವಾಗಿ ಬಂದಿದ್ದಾರೆಂದು ಅವಳಿಗೂ ತಿಳಿದಿರಲಿಲ್ಲ. ಮುಂದಿನ ಸಂಭಾಷಣೆಯನ್ನು ಒಂದಕ್ಷರ ತಿದ್ದದೆ ಕೊಡುತ್ತಿದ್ದೇನೆ.

"ಯಜಮಾನ್ರ, ಗಂಟ ಸಿಕ್ಕೈತಂತಲ್ರಿ?"

"ಸಿಕ್ಕೈತ್ರಿ. ಇಲಾಖೆಗೆ ಹೆಂಗ ಗೊತ್ತಾತು?"

"ಎಲ್ಲಾ ಗೊತ್ತಾಗತೈತ್ರಿ. ಮುಚ್ಚಿಡೂದು ಅಪರಾಧ."

"ಎಲ್ಲಾರೂ ಮುಚ್ಚೇ ಇಡತಾರ್ರಿ ಸಾಹೇಬ್ರ."

"ಹಂಗಂದ್ರ ಆಗೂದಿಲ್ರಿ. ಅದು ಸರಕಾರದ ಆಸ್ತಿ."

"ಇಷ್ಟ ದಿವಸ ಸರಕಾರ ಕೇಳಿರಲಿಲ್ಲ."

"ಜಾಗಾ ತೋರಸ್ರಿ. ಪಂಚರನ್ನ ಕರಕೊಂಡ ಬಂದೀನಿ, ಪಂಚನಾಮಿ ಮಾಡಿ ಅಳತಿ ತಗೋಬೇಕು."

ಬಾಗಿಲಲ್ಲಿ ನಿಂತ ಮಾಯವ್ವನಿಗೆ ಅಲ್ಲಿ ಅರ್ಥವಾಯಿತು. ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸೆರಗು ತೆಗೆದು, "ತೋರಿಸೇಬಿಡ್ರಿ, ಪಂಚರ ಮುಂದ. ಪಟ್ಟಿ ಅಷ್ಟ ಉದ್ದಂದು ಬೇಕಾಗಿರಲಿಲ್ಲ" ಎಂದಳು. ಮಗ ದುರಗೇಶ ಹೋದ ಮೇಲೆ ಈ ಮನೆಯಲ್ಲಿ ಅವಳು ನಕ್ಕದ್ದು ಅದೇ ಮೊದಲು. ಹೊಸ್ತಿಲ ಮೇಲೆ ಕುಳಿತು, ಕಂಬ ಹಿಡಿದು, ಕೆಮ್ಮು ಬರುವವರೆಗೆ ನಕ್ಕಳು. ಅಷ್ಟರಲ್ಲಿ ಅವಳ ತಮ್ಮ ಅಮೋಘಸಿದ್ದ ಕೊಣ್ಣೂರಿನಿಂದ ಫೋನು ಮಾಡಿದ. ಅವನ ದನಿಯಲ್ಲಿ ನ್ಯಾಯಾಲಯದ ಗಾಂಭೀರ್ಯವಿತ್ತು. "ಮಾವಾ, ಸಿಟ್ಟಾಗಬ್ಯಾಡ್ರಿ, ಮೊದಲ ಹೇಳಿಬಿಡತೀನಿ. ಆ ಜಾಗಾದಾಗ ನಮ್ಮಕ್ಕಂದೂ ಹಕ್ಕ ಐತಿ." ಅಧಿಕಾರಿಗಳೇ, ನನ್ನ ಇಡೀ ಆಯುಷ್ಯದಲ್ಲಿ ಪ್ರತಿವಾದವೇ ತೋಚದ ವಾದ ಅದೊಂದೇ.

ಕೊನೆಗೆ ಕಟ್ಟೆ ಹತ್ತಿ, ಡಾಕ್ಟರ್ ಶಬನಮ ಅವರ ಮುಂದೆ ಹೇಳಿದ ಪದವನ್ನೇ ಇಡೀ ಅಂಗಳಕ್ಕೆ ಹೇಳಿದೆ. ಸಾಹೇಬರು ಅಳತೆ ಪಟ್ಟಿ ಸುತ್ತಿಕೊಂಡರು. ಅಭಿನಂದಿಸಲು ಬಂದಿದ್ದ ಜನ ನಿಂತಲ್ಲಿಯೇ ಸಂತಾಪಕ್ಕೆ ತಿರುಗಿದರು. "ಮಗಗೂ ಹಂಗ ಆಗಿತ್ತು, ಈಗ ಅಪ್ಪಗೂ" ಎಂದು ಯಾರೋ ಗೊಣಗಿದರು. ನಿರಪಾಯ ಎಂದ ನನ್ನ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಇಂದಿನ ಬಾಳೆಹಣ್ಣುಗಳು ಅಲ್ಲಿಂದ ಬಂದವು.

ಹೌದು, ಮಗನಿಗೂ ಹಾಗೆಯೇ ಆಗಿತ್ತು. ಗಜೇಂದ್ರಗಡದಲ್ಲಿ ಅವನದು ಬೋರ್‌ವೆಲ್ ಮೋಟಾರು ರಿಪೇರಿಯ ಅಂಗಡಿ. ಸುಟ್ಟ ಮೋಟಾರನ್ನು ಬಿಚ್ಚಿ ದೋಷ ಎಲ್ಲಿದೆಯೆಂದು ಬೆರಳಿಂದಲೇ ಹುಡುಕುತ್ತಿದ್ದ. ತನ್ನ ವೃಷಣದಲ್ಲಿ ಗಂಟು ಇರುವುದನ್ನೂ ಹಾಗೆಯೇ ಹುಡುಕಿದ್ದ. ತಡಮಾಡದೆ ನಿಮ್ಮ ಕಿಟಕಿಗೆ ಬಂದಿದ್ದ, ಇದನ್ನು ಗಮನಿಸಿರಿ. ಹಳ್ಳಿಯವರು ತಡವಾಗಿ ಬರುತ್ತಾರೆ ಎಂಬುದು ನಿಮ್ಮ ಸಭೆಗಳಲ್ಲಿ ಆಡುವ ಮಾತು. ನನ್ನ ಮಗ ಹೊತ್ತಿಗೆ ಸರಿಯಾಗಿ ಬಂದಿದ್ದ. ಆದರೆ ಸಾಲಿನಲ್ಲಿ ಅವನ ಹಿಂದೆ ನಿಂತವರು ಸಣ್ಣವ್ವ, ಅವನ ಮದುವೆಗೆ ಗೊತ್ತುಮಾಡುತ್ತಿದ್ದ ಹುಡುಗಿಯ ತಾಯಿ. ಕಿಟಕಿ ಕೇಳಿತು, ಏನು ತ್ರಾಸ? ಗಟ್ಟಿಯಾಗಿ ಹೇಳು. ಅವನು "ಕೆಮ್ಮು" ಎಂದ. ಕೆಮ್ಮಿನ ಔಷಧ ಕೊಟ್ಟಿರಿ. ಮನೆಯಲ್ಲಿ ಮಾಯವ್ವ ಎದುರಿಗೆ ನಿಂತು ನೋಡುತ್ತಿದ್ದಳೆಂದು ಅದನ್ನು ತಪ್ಪದೆ ಕುಡಿದ.

ಗಂಟು ಬೆಳೆಯಿತು, ಪುಪ್ಪುಸಕ್ಕೆ ಏರಿತು, ಆಗ ಅವನಿಗೆ ನಿಜವಾಗಿಯೇ ಕೆಮ್ಮು ಬಂತು. ಹುಬ್ಬಳ್ಳಿಯ ದವಾಖಾನೆಯ ಹಾಸಿಗೆಯ ಮೇಲೆ ಈ ಕಥೆಯನ್ನು ನನಗೆ ಹೇಳಿದವನು ಅವನೇ. "ಕಿಟಕ್ಯಾಗ ಹೇಳಿದ್ದ ಸುಳ್ಳ ಖರೇ ಆತು ನೋಡಪಾ" ಎಂದು ನಗಲು ಹೋಗಿ ಕೆಮ್ಮಿದ. ಇಂಥ ಗಂಟು ಮೊದಲಿಗೇ ತೋರಿಸಿದರೆ ಬಹುಪಾಲು ಜನ ಉಳಿಯುತ್ತಾರೆ ಎಂದು ಅಲ್ಲಿನ ವೈದ್ಯರು ಹೇಳಿದರು. ಮೊದಲಿಗೇ ತೋರಿಸಲು ಹೋಗಿದ್ದ ಎಂದು ನಾನು ಅವರಿಗೆ ಹೇಗೆ ವಿವರಿಸಲಿ?

ಮಾನ್ಯರೇ, ಓಟು ಹಾಕುವಾಗ ನನ್ನ ಬೆರಳು ಯಾವ ಗುಂಡಿ ಒತ್ತಿತೆಂದು ಯಾರಿಗೂ ಕಾಣದಿರಲೆಂದು ಸರಕಾರ ರಟ್ಟಿನ ಮರೆ ಇಡುತ್ತದೆ. ಹಣ ತೆಗೆಯುವ ಯಂತ್ರದ ಕೋಣೆಯಲ್ಲಿ ಒಬ್ಬರೇ ಒಳಗೆ ಬನ್ನಿ ಎಂಬ ಬೋರ್ಡು ಇದೆ. ನನ್ನ ಓಟಿಗೆ, ನನ್ನ ಹಣಕ್ಕೆ ಇರುವ ಮಾನ ನನ್ನ ಮೈಗೆ ಇಲ್ಲವೇ? ಚುನಾವಣೆ ಇಲ್ಲದ ವರ್ಷಗಳಲ್ಲಿ ಆ ರಟ್ಟುಗಳು ಎಲ್ಲಿ ಮಲಗಿರುತ್ತವೆ? ಒಂದನ್ನು ಕಡ ಕೊಡಿಸಲಾಗದೇ? ಅಷ್ಟಕ್ಕೂ ಆ ಕಿಟಕಿಗೆ ನನ್ನ ರೋಗ ಏಕೆ ಬೇಕು? ಅದೇನು ಔಷಧ ಕೊಡುತ್ತದೆಯೇ? ನನ್ನ ಚೀಟಿಯ ಮೇಲೆ ಕಡೆಗೆ ಬರೆದದ್ದು 'ಇತರೆ' ಎಂದು. 'ಇತರೆ' ಎಂದು ಬರೆಯಲು ಒಬ್ಬ ಮನುಷ್ಯನನ್ನು ಇಷ್ಟು ಕೂಗಿಸಬೇಕೇ?

ನನ್ನ ಬೇಡಿಕೆ ಇಷ್ಟೇ. ಕಿಟಕಿಯು ಹೆಸರು, ವಯಸ್ಸು, ಊರು ಕೇಳಲಿ, ಅಲ್ಲಿಗೆ ನಿಲ್ಲಲಿ. ರೋಗದ ಮಾತು ವೈದ್ಯರ ಕೋಣೆಗೆ ಬಿಡಲಿ, ಆ ಕೋಣೆಗೆ ಒಂದು ಚಿಲಕ ಬರಲಿ. ಗೋಡೆಯ ಮೇಲೆ, ಹಾವು ಕಚ್ಚಿದರೆ ಏನು ಮಾಡಬೇಕೆಂದು ಬರೆಸಿದ ಬೋರ್ಡಿನ ಪಕ್ಕದಲ್ಲಿ, ಗಂಡಸರು ಮೈಯ ಯಾವ ಭಾಗದಲ್ಲಿ ಗಂಟು ಕಂಡರೂ ಬಂದು ತೋರಿಸಬೇಕು ಎಂದು ಬರೆಸಿರಿ. ಆ ಭಾಗದ ಹೆಸರನ್ನೂ ಬರೆಸಿರಿ. ಬಣ್ಣ ಬಳಿಯುವವನು ನಾಚಿದರೆ ನನ್ನನ್ನು ಕರೆಯಿರಿ, ಅಕ್ಷರ ಬಿಡಿಸಿ ಹೇಳುತ್ತೇನೆ.

ತಾವು ಇದನ್ನು ಪರಿಶೀಲಿಸುವಿರಿ ಎಂದು ನನಗೆ ಗೊತ್ತು. ಪರಿಶೀಲನೆ ಮುಗಿಯುವವರೆಗೆ ಯಾರದೋ ಮಗ ಆ ಸಾಲಿನಲ್ಲಿ ನಿಂತಿರುತ್ತಾನೆ ಎಂಬುದೂ ಗೊತ್ತು. ಆದ್ದರಿಂದ ಒಂದು ನಿರ್ಧಾರ ಮಾಡಿದ್ದೇನೆ. ಇದರ ಬಗ್ಗೆ ಯಾರನ್ನೂ ಕೇಳಿಲ್ಲ; ಪಕ್ಕದಲ್ಲಿ ಕುಳಿತ ಮಾಯವ್ವನೂ ಈಗಲೇ ಕೇಳಿಸಿಕೊಳ್ಳುತ್ತಿದ್ದಾಳೆ. ಬರುವ ಸಂತೆಯಿಂದ ಆರಂಭಿಸಿ, ಪ್ರತಿ ಸಂತೆಯ ದಿನ ನಾನು ನಿಮ್ಮ ದವಾಖಾನೆಯ ಆವರಣದಲ್ಲಿ, ಕಿಟಕಿಯ ಪಕ್ಕದಲ್ಲಿ, ಸಾಲಿಗೆ ಎದುರಾಗಿ ನಿಲ್ಲುತ್ತೇನೆ. ಕಿಟಕಿಯ ಮುಂದಿನ ಯಾವ ಹುಡುಗನಾದರೂ ತಡವರಿಸಿದ್ದು ಕಂಡರೆ, ಆ ಕ್ಷಣವೇ ನನ್ನ ಶಿಶ್ನದ ಮೇಲಿನ ಗಂಟಿನ ಚರಿತ್ರೆಯನ್ನು, ಪಂಚನಾಮೆ ಸಮೇತ, ಉಚ್ಚ ಕಂಠದಲ್ಲಿ ನಿರೂಪಿಸಲು ತೊಡಗುತ್ತೇನೆ. ಸಾಲಿನ ಕಣ್ಣು ಕಿವಿಗಳೆಲ್ಲ ನನ್ನ ಕಡೆಗೆ ತಿರುಗುತ್ತವೆ. ಅಷ್ಟರಲ್ಲಿ ಅವನು ತನ್ನದನ್ನು ಹೇಳಿಕೊಂಡು ಒಳಗೆ ಹೋಗಲಿ.

ಇಂತಿ,
ತಮ್ಮ ಮೇಲೆ ವಿಶ್ವಾಸವಿಲ್ಲದ, ತಮ್ಮ ದವಾಖಾನೆ ಬಿಟ್ಟರೆ ಬೇರೆ ಗತಿಯೂ ಇಲ್ಲದ,
ದುರಗೇಶನ ಅಪ್ಪ ರಾಯಣ್ಣ
ಲಕ್ಕಲಕಟ್ಟಿ